ಕೆಂಪು ಪರದೆ ಕಂಡರೆ ಕಂಗೆಡಬೇಡಿ

ಕಳೆದ ವರ್ಷದ ಮಾತು. ವಿಜ್ಞಾನ ವಸ್ತುಪ್ರದರ್ಶನಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಪೇಪರು ತಿರುವುತ್ತ ಕೂತಿದ್ದೆ. ಒಂಬತ್ತನೆಯ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ಬಾಗಿಲಲ್ಲಿ ನಿಂತಿದ್ದಳು. ತಂದೆಯ ಕಂಕುಳಲ್ಲಿ ಒಂದು ಹಳೆಯ ಲ್ಯಾಪ್‌ಟಾಪು. ಹುಡುಗಿ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು.

"ಮೇಷ್ಟ್ರೇ, ಇದು ಇನ್ನು ಕೆಲಸಕ್ಕೆ ಬರಲ್ವಂತೆ. ಅಂಗಡಿಯವರು ಹೊಸದು ತಗೊಳ್ಳಿ ಅಂದ್ರು. ಅರವತ್ತು ಸಾವಿರ ಆಗುತ್ತಂತೆ. ಚೀಟಿ ಎತ್ತೋದೇ ಸರಿ ಅಂತಿದೀನಿ. ಅದಕ್ಕೆ ಮುಂಚೆ ನೀವೊಂದ್ಸಲ ನೋಡಿಬಿಡಿ" ಎಂದರು ತಂದೆ.

ಹುಡುಗಿಯ ಅಳುವಿಗೆ ಕಾರಣ ಲ್ಯಾಪ್‌ಟಾಪಲ್ಲ. ಅವಳು ತಮ್ಮೂರಿನ ಕೆರೆಯ ಬಗ್ಗೆ ಏಳು ನಿಮಿಷದ ವಿಡಿಯೊ ಚಿತ್ರ ತಯಾರಿಸುತ್ತಿದ್ದಳು. ಅವಳ ತಾತ ಊರಿನ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವುದು ಅವರ ಕೆಲಸ. ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಕೆರೆ ಕೋಡಿ ಬಿದ್ದಾಗ ಏನು ಮಾಡಬೇಕು ಎಂದು ತಾತ ಹೇಳಿದ್ದನ್ನೆಲ್ಲ ಮೊಮ್ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದಳು. ಅದಾದ ಎರಡು ತಿಂಗಳಿಗೆ ತಾತನಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಈಗ ಲ್ಯಾಪ್‌ಟಾಪಿನಲ್ಲಿ ತಾತ ಕಾಣಬೇಕಾದ ಜಾಗದಲ್ಲೆಲ್ಲ ಬರೀ ಕೆಂಪು ಪರದೆ!

ಇಂದು ವಿಡಿಯೊ ಸಂಕಲನ ಎಂಬುದು ಸ್ಟುಡಿಯೊದವರ ಸ್ವತ್ತಾಗಿ ಉಳಿದಿಲ್ಲ. ಎರಡು ವಿಸಿಆರ್ ಇಟ್ಟುಕೊಂಡು ಮದುವೆಯ ಕ್ಯಾಸೆಟ್ಟು ಜೋಡಿಸುತ್ತಿದ್ದ ಕಾಲವನ್ನು ಕಂಡವನು ನಾನು. ಈಗ ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್‌ನಂಥ ತಂತ್ರಾಂಶಗಳು ಕಾಸು ಖರ್ಚಿಲ್ಲದೆ ಸಿಗುತ್ತವೆ. ಶಾಲೆಯ ಪ್ರಾಜೆಕ್ಟುಗಳಿಗೆ ಮಕ್ಕಳು ಇವನ್ನು ಬಳಸುತ್ತಾರೆ. ಆದರೆ ಏನಾದರೂ ಕೆಟ್ಟಾಗ ಮಕ್ಕಳು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ, ತಂದೆ ತಾಯಂದಿರು ಕಂಪ್ಯೂಟರನ್ನು ಬೈಯುತ್ತಾರೆ. ಇಬ್ಬರದೂ ತಪ್ಪು. ದೋಷ ಹುಡುಕುವುದು ಎಂದರೆ ನಾವು ತರಗತಿಯಲ್ಲಿ ಕಲಿಸುವ ವಿಜ್ಞಾನದ ವಿಧಾನವೇ. ಗಮನಿಸು, ಊಹಿಸು, ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸು. ಆ ಹತ್ತು ದಿನಗಳಲ್ಲಿ ನಾವು ಎದುರಿಸಿದ ಐದು ತೊಂದರೆಗಳನ್ನು ಇಲ್ಲಿ ಹೇಳುತ್ತೇನೆ. ವಿಡಿಯೊ ಜೋಡಿಸುವ ಹೆಚ್ಚಿನವರಿಗೆ ಎದುರಾಗುವುದು ಇವೇ.

ಕಾರ್ಡು ಬೇರೆ, ಪುಸ್ತಕ ಬೇರೆ

ಗ್ರಂಥಾಲಯದಲ್ಲಿ ಪುಸ್ತಕಗಳ ವಿವರ ಬರೆದಿಟ್ಟ ಕಾರ್ಡುಗಳಿರುತ್ತವೆ. ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಕಾರ್ಡು ಹೇಳುತ್ತದೆ. ಆದರೆ ಪುಸ್ತಕ ಕಾರ್ಡಿನೊಳಗೆ ಇರುವುದಿಲ್ಲ. ಸಂಕಲನ ತಂತ್ರಾಂಶದಲ್ಲಿ ನಾವು ಉಳಿಸಿಡುವ ಪ್ರಾಜೆಕ್ಟ್ ಫೈಲು ಕೂಡ ಇಂಥದೇ ಒಂದು ಕಾರ್ಡು. 'ಇಂಥ ಜಾಗದಲ್ಲಿರುವ ಇಂಥ ವಿಡಿಯೊದ ಹತ್ತನೆಯ ಸೆಕೆಂಡಿನಿಂದ ಇಪ್ಪತ್ತನೆಯ ಸೆಕೆಂಡಿನವರೆಗೆ ತೋರಿಸು' ಎಂಬಂಥ ಸೂಚನೆಗಳು ಮಾತ್ರ ಅದರಲ್ಲಿರುತ್ತವೆ. ಅನುಮಾನವಿದ್ದರೆ ಫೈಲಿನ ಗಾತ್ರ ನೋಡಿ. ವಿಡಿಯೊಗಳು ನೂರಾರು ಎಂ.ಬಿ. ಇದ್ದರೆ ಪ್ರಾಜೆಕ್ಟ್ ಫೈಲು ಸಾಮಾನ್ಯವಾಗಿ ಅದರ ಒಂದು ಸಣ್ಣ ಪಾಲೂ ಇರುವುದಿಲ್ಲ.

ಹುಡುಗಿ ಮಾಡಿದ್ದೇನು? ಮೊಬೈಲಿನ ಎಂಟು ತುಣುಕುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಮೊಬೈಲಿನಲ್ಲಿ ಜಾಗವಿಲ್ಲವೆಂದು ಅಲ್ಲಿದ್ದವನ್ನು ಅಳಿಸಿಬಿಟ್ಟಿದ್ದಳು. ಪೆನ್‌ಡ್ರೈವಿನಿಂದಲೇ ನೇರವಾಗಿ ತಂತ್ರಾಂಶಕ್ಕೆ ಎಳೆದು ಸಂಕಲನ ಶುರುಮಾಡಿದ್ದಳು. ವಿಡಿಯೊ ಈಗ 'ಕಂಪ್ಯೂಟರಿನೊಳಗೆ' ಇದೆ ಎಂದುಕೊಂಡು ಪೆನ್‌ಡ್ರೈವನ್ನು ಗೆಳತಿಗೆ ಕೊಟ್ಟಿದ್ದಳು. ಕಾರ್ಡು ಉಳಿಯಿತು, ಪುಸ್ತಕ ಹೊರಟುಹೋಯಿತು. ಪುಸ್ತಕ ಸಿಗದಿದ್ದಾಗ ಕೆಲವು ತಂತ್ರಾಂಶಗಳು ಕೆಂಪು ಪರದೆ ತೋರಿಸುತ್ತವೆ, ಕೆಲವು 'ಫೈಲು ಕಾಣೆಯಾಗಿದೆ' ಎಂದು ಪಟ್ಟಿ ಕೊಡುತ್ತವೆ. ಫೈಲಿನ ಹೆಸರು ಬದಲಿಸಿದರೆ, ಬೇರೆ ಫೋಲ್ಡರಿಗೆ ಸರಿಸಿದರೆ, 'ಇ' ಡ್ರೈವ್ ಆಗಿದ್ದ ಪೆನ್‌ಡ್ರೈವು ಮರುದಿನ 'ಎಫ್' ಆಗಿ ಕಾಣಿಸಿಕೊಂಡರೆ ಕೂಡ ಇದೇ ಗತಿ. ಇಂಥ ಸಂದರ್ಭದಲ್ಲಿ ಫೈಲು ಇರುವ ಹೊಸ ಜಾಗವನ್ನು ತೋರಿಸಿಕೊಟ್ಟರೆ ಸಾಕು, ಚಿತ್ರ ಮತ್ತೆ ಮೂಡುತ್ತದೆ. ಮಾಡಿದ ಕೆಲಸ ಎಲ್ಲೂ ಹೋಗಿರುವುದಿಲ್ಲ.

ತಂದೆ ಬೈಕ್ ಹತ್ತಿ ಗೆಳತಿಯ ಮನೆಗೆ ಹೋಗಿ ಪೆನ್‌ಡ್ರೈವು ತಂದರು. ಎಂಟರಲ್ಲಿ ಏಳು ತುಣುಕುಗಳು ಇದ್ದವು. ತಾತನ ಹನ್ನೆರಡು ನಿಮಿಷದ ಮುಖ್ಯ ಮಾತುಕತೆಯೂ ಇತ್ತು. ಕೋಡಿಯ ಮೇಲೆ ನಿಂತು ತಾತ ಕೈತೋರಿಸುವ ಒಂದು ತುಣುಕನ್ನು ಮಾತ್ರ ಗೆಳತಿಯ ತಮ್ಮ ಅಳಿಸಿ, ಸಿನಿಮಾ ಹಾಡು ತುಂಬಿಕೊಂಡಿದ್ದ. ಫೈಲನ್ನು ಅಳಿಸಿದಾಗ ಮೊದಲು ಅಳಿಯುವುದು ಅದರ ವಿಳಾಸ ಮಾತ್ರ. ಒಳಗಿನ ಮಾಹಿತಿ ಬೇರೆಯದು ಬಂದು ಕೂರುವ ತನಕ ಅಲ್ಲೇ ಇರುತ್ತದೆ. ಆದ್ದರಿಂದ ಪೆನ್‌ಡ್ರೈವಿನಿಂದಲೋ ಮೆಮೊರಿ ಕಾರ್ಡಿನಿಂದಲೋ ಏನನ್ನಾದರೂ ತಪ್ಪಿ ಅಳಿಸಿದರೆ ತಕ್ಷಣ ಅದರ ಬಳಕೆ ನಿಲ್ಲಿಸಬೇಕು. ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳು ಹಲವು ಸಲ ಅದನ್ನು ಮರಳಿ ತರಬಲ್ಲವು. ನಮ್ಮ ಪಾಲಿಗೆ ತಡವಾಗಿತ್ತು. ತಾತನ ಜಾಗದಲ್ಲಿ ಹಾಡುಗಳು ಬಂದು ಕೂತಿದ್ದವು. ಪುಣ್ಯಕ್ಕೆ ಆ ತುಣುಕನ್ನು ಬೆಂಗಳೂರಿನ ಅತ್ತೆಗೆ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದಳು. ಮಸುಕು ಮಸುಕಾದ ಒಂದು ಪ್ರತಿ ಹಾಗೆ ಉಳಿದಿತ್ತು.

ತೊದಲುವ ಚಿತ್ರ

ಕೆಂಪು ಪರದೆ ಹೋಯಿತು. ಆದರೆ ಚಿತ್ರ ಎರಡು ಹೆಜ್ಜೆ ನಡೆದು ನಿಲ್ಲುತ್ತಿತ್ತು. ಅಂಗಡಿಯವರು 'ಹೊಸದು ತಗೊಳ್ಳಿ' ಎಂದದ್ದು ಇದನ್ನು ನೋಡಿಯೇ. ಒಂದು ಸಣ್ಣ ಲೆಕ್ಕ ಮಾಡೋಣ. ಮೊಬೈಲಿನ ಸಾಮಾನ್ಯ ವಿಡಿಯೊದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಅಂದರೆ ಪ್ರತಿ ಫ್ರೇಮಿನಲ್ಲಿ 20,73,600 ಚುಕ್ಕೆಗಳು. ಚುಕ್ಕೆಯೊಂದಕ್ಕೆ ಮೂರು ಬೈಟ್ ಎಂದರೂ ಒಂದು ಫ್ರೇಮಿಗೆ 62,20,800 ಬೈಟ್ ಬೇಕು. ಸೆಕೆಂಡಿಗೆ 30 ಫ್ರೇಮು. ಒಂದು ನಿಮಿಷಕ್ಕೆ 11 ಜಿ.ಬಿ.ಗೂ ಹೆಚ್ಚಾಯಿತು! ಆದರೆ ಮೊಬೈಲು ಒಂದು ನಿಮಿಷದ ವಿಡಿಯೊವನ್ನು ಸುಮಾರು ನೂರು, ನೂರೈವತ್ತು ಎಂ.ಬಿ.ಯಲ್ಲಿ ಇಡುತ್ತದೆ. ಹೇಗೆ?

ಹಾಜರಿ ಪುಸ್ತಕವನ್ನು ನೆನಪಿಸಿಕೊಳ್ಳಿ. ದಿನವೂ ಐವತ್ತು ಮಕ್ಕಳ ಹೆಸರು ಬರೆಯುವ ಬದಲು ಮೊದಲ ದಿನ ಪೂರ್ತಿ ಬರೆದು, ಆಮೇಲೆ 'ಇವತ್ತು ಇಬ್ಬರು ಬಂದಿಲ್ಲ' ಎಂದಷ್ಟೇ ಬರೆದರೆ ಜಾಗ ಉಳಿಯುತ್ತದೆ. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಎಂಬ ಸಂಕೋಚನ ವಿಧಾನಗಳ ಒಂದು ಮುಖ್ಯ ಉಪಾಯ ಇದೇ. ಅಲ್ಲೊಂದು ಇಲ್ಲೊಂದು ಪೂರ್ಣ ಚಿತ್ರ, ನಡುವೆ ಬರೀ ಬದಲಾವಣೆಗಳು. ನೋಡುವುದಕ್ಕೆ ಇದು ಅಡ್ಡಿಯಿಲ್ಲ. ಆದರೆ ಸಂಕಲನಕಾರ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿರುತ್ತಾನೆ. ನಡುವಿನ ಯಾವುದೋ ಫ್ರೇಮು ಬೇಕೆಂದರೆ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರಕ್ಕೆ ಹೋಗಿ, ಅಲ್ಲಿಂದ ಬದಲಾವಣೆಗಳನ್ನೆಲ್ಲ ಕೂಡಿಸುತ್ತ ಬರಬೇಕು. ಹಳೆಯ ಯಂತ್ರ ತೊದಲುವುದು ಇಲ್ಲಿಯೇ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಆತುರದಲ್ಲಿ ಮೂರು ಬದಲಾವಣೆ ಒಟ್ಟಿಗೆ ಮಾಡಿದೆ. ವಿಡಿಯೊಗಳನ್ನು ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿನ ಒಳ ಡಿಸ್ಕಿಗೆ ಹಾಕಿದೆ. ಮುನ್ನೋಟದ ಗುಣಮಟ್ಟವನ್ನು ಅರ್ಧಕ್ಕೆ ಇಳಿಸಿದೆ. ಗ್ರಾಫಿಕ್ಸ್ ಚಿಪ್ಪಿನ ನೆರವನ್ನು ನಿಲ್ಲಿಸಿದೆ. ಚಿತ್ರ ಸಲೀಸಾಗಿ ಓಡಿತು. ನಾನು ಬೀಗುತ್ತಿರುವಾಗ ಹುಡುಗಿ ಕೇಳಿದಳು: "ಸಾರ್, ಮೂರರಲ್ಲಿ ಯಾವುದರಿಂದ ಸರಿಹೋಯ್ತು?" ನನ್ನಲ್ಲಿ ಉತ್ತರವಿರಲಿಲ್ಲ. ಸರಳ ಲೋಲಕದ ಪ್ರಯೋಗದಲ್ಲಿ ದಾರದ ಉದ್ದ, ಗುಂಡಿನ ತೂಕ ಎರಡನ್ನೂ ಒಟ್ಟಿಗೆ ಬದಲಿಸಬಾರದು ಎಂದು ಅವಳಿಗೆ ಕಲಿಸಿದವನು ನಾನೇ!

ಮೂರನ್ನೂ ಹಿಂದಿನಂತೆ ಮಾಡಿ ಒಂದೊಂದಾಗಿ ಪರೀಕ್ಷಿಸಿದೆವು. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಳ ಡಿಸ್ಕಿಗೆ ಹಾಕಿದ್ದರಿಂದ ದೊಡ್ಡ ಪ್ರಯೋಜನವಾಗಿತ್ತು. ಮುನ್ನೋಟ ಇಳಿಸಿದ್ದರಿಂದ ಸ್ವಲ್ಪ. ಗ್ರಾಫಿಕ್ಸ್ ನೆರವು ನಿಲ್ಲಿಸಿದ್ದರಿಂದ ಏನೂ ಇಲ್ಲ, ಬದಲಿಗೆ ಬೇರೆ ಕೆಲಸಗಳು ನಿಧಾನವಾಗಿದ್ದವು. ಅದನ್ನು ಮತ್ತೆ ಚಾಲೂ ಮಾಡಿದೆವು. ಪರದೆ ಕಪ್ಪಾದರೆ ಅಥವಾ ಹಸಿರು ಪಟ್ಟಿಗಳು ಕಂಡರೆ ಮಾತ್ರ ಆ ನೆರವನ್ನು ನಿಲ್ಲಿಸಿ ನೋಡುವುದು ಒಳ್ಳೆಯ ಪರೀಕ್ಷೆ.

ಇಷ್ಟಾದರೂ ಓಡದಿದ್ದರೆ 'ಪ್ರಾಕ್ಸಿ' ಎಂಬ ಉಪಾಯವಿದೆ. ಮೂಲ ವಿಡಿಯೊದ ಚಿಕ್ಕ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುವುದು. 960ಕ್ಕೆ 540ರ ನಕಲಿನಲ್ಲಿ ಚುಕ್ಕೆಗಳು ಮೂಲದ ನಾಲ್ಕನೆಯ ಒಂದು ಭಾಗ ಮಾತ್ರ. ಕೊನೆಯಲ್ಲಿ ಚಿತ್ರ ತಯಾರಾಗುವಾಗ ತಂತ್ರಾಂಶ ತಾನೇ ಮೂಲವನ್ನು ಬಳಸಿಕೊಳ್ಳುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಎರಡರಲ್ಲೂ ಈ ಸೌಲಭ್ಯವಿದೆ.

ತುಟಿ ಒಂದು ಕಡೆ, ಮಾತು ಒಂದು ಕಡೆ

ಮೂರನೆಯ ದಿನ ಹೊಸ ಸಮಸ್ಯೆ. ತಾತನ ಮಾತು ಮೊದಲು ಸರಿಯಾಗಿತ್ತು, ಬರಬರುತ್ತ ತುಟಿಗೂ ಧ್ವನಿಗೂ ಸಂಬಂಧವೇ ಇಲ್ಲ. ಇಂಥಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿದೆಯೋ ಅಥವಾ ಬೆಳೆಯುತ್ತ ಹೋಗುತ್ತಿದೆಯೋ? ಒಂದೇ ಸಮನಾಗಿದ್ದರೆ ಧ್ವನಿಯ ಪಟ್ಟಿಯನ್ನು ಅಷ್ಟು ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಮುಗಿಯಿತು. ಬೆಳೆಯುತ್ತಿದ್ದರೆ ವೇಗದಲ್ಲೇ ವ್ಯತ್ಯಾಸವಿದೆ ಎಂದರ್ಥ. ಎರಡು ಗಡಿಯಾರಗಳಲ್ಲಿ ಒಂದು ತಡವಾಗಿ ಶುರುವಾದದ್ದಕ್ಕೂ, ಒಂದು ನಿಧಾನವಾಗಿ ಓಡುವುದಕ್ಕೂ ಇರುವ ಭೇದ ಇದು.

ಮೊಬೈಲುಗಳು ಸೆಕೆಂಡಿಗೆ 30 ಫ್ರೇಮು ಎಂದು ಹೇಳಿಕೊಂಡರೂ ಎಲ್ಲ ಸೆಕೆಂಡಿನಲ್ಲೂ ಅಷ್ಟೇ ಹಿಡಿಯುವುದಿಲ್ಲ. ಬೆಳಕು ಕಡಿಮೆಯಾದರೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೇಕಾಗಿ ಸಂಖ್ಯೆ ಇಳಿಯಬಹುದು. ಹುಡುಗಿ ಚಿತ್ರೀಕರಿಸಿದ್ದು ಮುಸ್ಸಂಜೆಯಲ್ಲಿ, ಮನೆಯ ಜಗಲಿಯ ಮೇಲೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ನೋಡಿದಾಗ ಸರಾಸರಿ 29.8 ಎಂದಿತ್ತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನಾದೀತು ಎನ್ನುತ್ತೀರಾ? ಹನ್ನೆರಡು ನಿಮಿಷವೆಂದರೆ 720 ಸೆಕೆಂಡು. 29.8ರಂತೆ 21,456 ಫ್ರೇಮುಗಳು. ಇವನ್ನು ತಂತ್ರಾಂಶ ಸೆಕೆಂಡಿಗೆ 30ರಂತೆ ಓಡಿಸಿದರೆ 715.2 ಸೆಕೆಂಡಿಗೇ ಚಿತ್ರ ಮುಗಿಯುತ್ತದೆ. ಧ್ವನಿಗೆ ಇನ್ನೂ 4.8 ಸೆಕೆಂಡು ಬಾಕಿ! ತಾತ ಮಾತು ಮುಗಿಸಿ ಎದ್ದು ಹೋದ ಮೇಲೂ ಅವರ ಧ್ವನಿ ಕೇಳುತ್ತಿದ್ದುದು ಇದಕ್ಕೇ.

ಪರಿಹಾರ ಸರಳ. ಸಂಕಲನಕ್ಕೆ ಮೊದಲೇ ವಿಡಿಯೊವನ್ನು ಸ್ಥಿರ ಫ್ರೇಮು ದರಕ್ಕೆ ಪರಿವರ್ತಿಸಿಕೊಳ್ಳಬೇಕು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೊಂದು ಆಯ್ಕೆಯಿದೆ. ಶಾಟ್‌ಕಟ್‌ನಲ್ಲಿಯೂ ಸಂಕಲನಕ್ಕೆ ಒಗ್ಗುವಂತೆ ಪರಿವರ್ತಿಸುವ ಗುಂಡಿಯಿದೆ. ಪರಿವರ್ತಿಸಿದ ಮೇಲೂ ಮೂಲವನ್ನು ಅಳಿಸಕೂಡದು.

ಒತ್ತಕ್ಷರ ಜಾರಿದಾಗ

ಚಿತ್ರಕ್ಕೆ ಕನ್ನಡದಲ್ಲಿ ಶೀರ್ಷಿಕೆ ಹಾಕಬೇಕಿತ್ತು. 'ಅಚ್ಚುಕಟ್ಟು' ಎಂದು ಬರೆದರೆ ಪರದೆಯ ಮೇಲೆ 'ಅಚ್‌ಚುಕಟ್‌ಟು' ಎಂದು ಮೂಡಿತು. ಕನ್ನಡದ ಮಕ್ಕಳಿಗೆ ಈ ಕಷ್ಟ ಹೊಸದಲ್ಲ. ಇದರಲ್ಲಿ ಮೂರು ಬಗೆಗಳಿವೆ, ಕಾರಣವೂ ಬೇರೆ ಬೇರೆ.

ಅಕ್ಷರದ ಬದಲು ಬರೀ ಚೌಕಗಳು ಕಂಡರೆ ಆಯ್ದುಕೊಂಡ ಫಾಂಟಿನಲ್ಲಿ ಕನ್ನಡವೇ ಇಲ್ಲ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟು ಹಾಕಿಕೊಳ್ಳಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಯೂನಿಕೋಡ್ ಬರುವ ಮೊದಲಿನ ಪದ್ಧತಿಯ ಬರಹ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ನಕಲಿಸಿ ಅಂಟಿಸಿದಾಗ ಹೀಗಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಿ. ಅಕ್ಷರಗಳೆಲ್ಲ ಇದ್ದು ಒತ್ತು ಮಾತ್ರ ಬೇರೆಯಾಗಿ ನಿಂತರೆ, ಅಕ್ಷರಗಳನ್ನು ಕೂಡಿಸುವ ಕೆಲಸವನ್ನು ತಂತ್ರಾಂಶ ಮಾಡುತ್ತಿಲ್ಲ ಎಂದರ್ಥ. ಕೆಲವು ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಒಂದು ಸೆಟ್ಟಿಂಗ್ ಇರುತ್ತದೆ. ಅದೂ ಇಲ್ಲದಿದ್ದರೆ ಕನ್ನಡ ಸರಿಯಾಗಿ ಮೂಡುವ ಬೇರೆ ತಂತ್ರಾಂಶದಲ್ಲಿ ಶೀರ್ಷಿಕೆ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ವಿಡಿಯೊದ ಮೇಲೆ ಕೂರಿಸಿ. ನಾವು ಮಾಡಿದ್ದು ಹಾಗೆಯೇ.

ಶೇಕಡಾ 82ರ ರಹಸ್ಯ

ಪ್ರದರ್ಶನಕ್ಕೆ ಎರಡು ದಿನ ಇದ್ದಾಗ ಕೊನೆಯ ಘಟ್ಟ. ಚಿತ್ರವನ್ನು ಪೂರ್ಣ ವಿಡಿಯೊ ಫೈಲಾಗಿ ಹೊರತೆಗೆಯಬೇಕು, ಅಂದರೆ ಎಕ್ಸ್‌ಪೋರ್ಟ್. ಅದು ಪ್ರತಿ ಸಲವೂ ಶೇಕಡಾ 82ರ ಹತ್ತಿರ ನಿಂತುಬಿಡುತ್ತಿತ್ತು.

ಒಂದೊಂದು ಸಲ ಒಂದೊಂದು ಕಡೆ ನಿಂತರೆ ಯಂತ್ರ ಬಿಸಿಯಾಗಿರಬಹುದು, ಮೆಮೊರಿ ಸಾಲದಿರಬಹುದು. ಪ್ರತಿ ಸಲ ಒಂದೇ ಕಡೆ ನಿಂತರೆ ಆ ಜಾಗದ ತುಣುಕಿನಲ್ಲೇ ದೋಷವಿರಬಹುದು. ಅದನ್ನು ಹುಡುಕುವ ಜಾಣತನವೆಂದರೆ ಅರ್ಧ ಮಾಡುತ್ತ ಹೋಗುವುದು. ಮೊದಲರ್ಧವನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಎರಡನೆಯದನ್ನು. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. 420 ಸೆಕೆಂಡಿನ ಚಿತ್ರದಲ್ಲಿ ಹೀಗೆ ಆರು ಸಲ ಮಾಡಿದರೆ ದೋಷ ಏಳು ಸೆಕೆಂಡಿಗಿಂತ ಸಣ್ಣ ಜಾಗದಲ್ಲಿ ಸಿಕ್ಕಿಬೀಳುತ್ತದೆ.

ನಾವೂ ಹಾಗೆ ಮಾಡಿದೆವು. ವಿಚಿತ್ರವೆಂದರೆ ಎರಡೂ ಅರ್ಧಗಳು ಸರಿಯಾಗಿ ಹೊರಬಂದವು! ಅಂದಮೇಲೆ ದೋಷ ತುಣುಕಿನಲ್ಲಿ ಇಲ್ಲ. ಆಗ ಹುಡುಗಿಯ ಕಣ್ಣು ನಿಂತುಹೋದ ಫೈಲಿನ ಗಾತ್ರದ ಮೇಲೆ ಬಿತ್ತು. ಪ್ರತಿ ಸಲವೂ ನಾಲ್ಕು ಜಿ.ಬಿ.! ಅವಳು ಎಕ್ಸ್‌ಪೋರ್ಟ್ ಮಾಡುತ್ತಿದ್ದುದು ನೇರವಾಗಿ ಪೆನ್‌ಡ್ರೈವಿಗೆ. ಅದು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಆ ಪದ್ಧತಿಯಲ್ಲಿ ಫೈಲಿನ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುವುದರಿಂದ 4,29,49,67,295 ಬೈಟ್ ಮೀರಿದ ಫೈಲಿಗೆ ಅಲ್ಲಿ ಎಡೆಯಿಲ್ಲ. ಪೆನ್‌ಡ್ರೈವು ಎಷ್ಟೇ ಖಾಲಿಯಿದ್ದರೂ ಅಷ್ಟೇ.

ಅಷ್ಟು ದೊಡ್ಡ ಫೈಲು ಆದದ್ದೇಕೆ? 'ಎಲ್ಲಕ್ಕಿಂತ ಉತ್ತಮ ಗುಣಮಟ್ಟ' ಎಂದು ಅವಳು ಸೆಕೆಂಡಿಗೆ 100 ಮೆಗಾಬಿಟ್ ಆಯ್ದುಕೊಂಡಿದ್ದಳು. 420 ಸೆಕೆಂಡಿಗೆ 42,000 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 5,250 ಎಂ.ಬಿ. ಇದರಲ್ಲಿ ನಾಲ್ಕು ಜಿ.ಬಿ.ಯ ಮಿತಿ ಮುಟ್ಟುವುದು ಸರಿಯಾಗಿ ಶೇಕಡಾ 82ರ ಬಳಿ! ಸಾಧಾರಣ ಎಚ್.264 ವಿಡಿಯೊಗೆ ಸೆಕೆಂಡಿಗೆ 10 ಮೆಗಾಬಿಟ್ ಧಾರಾಳವಾಗಿ ಸಾಕು. ಆಗ ಇಡೀ ಚಿತ್ರ 525 ಎಂ.ಬಿ.ಯಲ್ಲಿ ಮುಗಿಯುತ್ತದೆ. ದೊಡ್ಡ ಫೈಲೇ ಬೇಕೆಂದಿದ್ದರೆ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಪದ್ಧತಿಗೆ ಬದಲಿಸಬಹುದು. ಆದರೆ ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಜೋಕೆ.

ಮಕ್ಕಳಿಗೆ, ಪೋಷಕರಿಗೆ ನಾಲ್ಕು ಮಾತು

ಒಂದು: ಚಿತ್ರಕ್ಕೆ ಬೇಕಾದ ವಿಡಿಯೊ, ಧ್ವನಿ, ಫೋಟೊ ಎಲ್ಲವನ್ನೂ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿಟ್ಟು ಆಮೇಲೆ ಸಂಕಲನ ಶುರುಮಾಡಿ. ನಡುವೆ ಹೆಸರು ಬದಲಿಸಬೇಡಿ.

ಎರಡು: ಮೂಲ ವಿಡಿಯೊಗಳ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ. ಎರಡು ಪ್ರತಿ ಇರುವವರೆಗೆ ಮೊಬೈಲಿನದನ್ನು ಅಳಿಸಬೇಡಿ. ಸಂಕಲನವನ್ನು ಮತ್ತೆ ಮಾಡಬಹುದು, ತಾತನನ್ನು ಮತ್ತೆ ಮಾತನಾಡಿಸಲಾಗದು.

ಮೂರು: ಮೊದಲ ದಿನವೇ ಹತ್ತು ಸೆಕೆಂಡಿನ ತುಣುಕೊಂದನ್ನು, ಕನ್ನಡ ಶೀರ್ಷಿಕೆಯ ಸಹಿತ, ಎಕ್ಸ್‌ಪೋರ್ಟ್ ಮಾಡಿ, ಯಾವ ಯಂತ್ರದಲ್ಲಿ ತೋರಿಸಬೇಕೋ ಅದರಲ್ಲೇ ಓಡಿಸಿ ನೋಡಿ. ಕೆಲಸದ ನಡುವೆ ತಂತ್ರಾಂಶದ ಹೊಸ ಆವೃತ್ತಿಗೆ ಹೋಗಬೇಡಿ.

ನಾಲ್ಕು: ಏನಾದರೂ ಕೆಟ್ಟರೆ ಪರದೆಯ ಮೇಲೆ ಬಂದ ಸಂದೇಶವನ್ನು ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನೂ ಬರೆಯಿರಿ.

ಹೊಸ ಕಂಪ್ಯೂಟರ್ ಎಂದೂ ಬೇಡವೇ? ಹಾಗೇನಿಲ್ಲ. ಪ್ರಾಕ್ಸಿ ಮಾಡಿಕೊಂಡರೂ ಓಡದಿದ್ದರೆ, ಡಿಸ್ಕು ಖಾಲಿಯಿದ್ದರೂ ಯಂತ್ರ ಪದೇ ಪದೇ ನಿಂತರೆ ಯೋಚಿಸಬೇಕಾದ್ದೇ. ಆಗಲೂ ಮೆಮೊರಿ ಹೆಚ್ಚಿಸಲು, ಹಳೆಯ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸಿ. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಅದು ಅಗ್ಗ. ಮುಖ್ಯವಾಗಿ, ಕಾರಣ ತಿಳಿಯದೆ ದುಡ್ಡು ಹಾಕಬೇಡಿ. ನಾವು ಕಂಡ ಐದು ತೊಂದರೆಗಳಲ್ಲಿ ನಾಲ್ಕು ಅರವತ್ತು ಸಾವಿರದ ಹೊಸ ಯಂತ್ರದಲ್ಲೂ ಹಾಗೇ ಇರುತ್ತಿದ್ದವು.

ಪ್ರದರ್ಶನದಲ್ಲಿ ಆ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಆದರೆ ಊರಿನಲ್ಲಿ ಶಾಲೆಯ ಗೋಡೆಯ ಮೇಲೆ ಅದನ್ನು ತೋರಿಸಿದಾಗ ತಾತನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ತೂಬಿನ ಬಗ್ಗೆ ತಮ್ಮದೇ ಧ್ವನಿ ಕೇಳಿದಾಗ ಅವರು ಆಡಬಲ್ಲ ಒಂದು ಕೈಯನ್ನು ಎತ್ತಿ, ತೂಬು ಎತ್ತುವಂತೆ ಆಡಿಸಿ ತೋರಿಸಿದರು. ಕೋಡಿಯ ತುಣುಕು ಬಂದಾಗ ಚಿತ್ರ ಮಸುಕಾಯಿತು. ಅದೇಕೆ ಮಸುಕು ಎಂದು ಪಕ್ಕದಲ್ಲಿದ್ದ ಹುಡುಗನೊಬ್ಬ ಕೇಳಿದ. ಹುಡುಗಿ ಅವನಿಗೆ ಕಾರ್ಡು ಮತ್ತು ಪುಸ್ತಕದ ಕಥೆ ಹೇಳತೊಡಗಿದಳು.